ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ನಾಯಿ

ಸಂಜೆ ಏಳು ಗಂಟೆ. ಆಫೀಸಿನಿಂದ ಬಂದು ಬಾಗಿಲು ತೆಗೆದರೆ ಹಾಲ್ ತುಂಬ ಹತ್ತಿ. ಸೋಫಾದ ದಿಂಬು ಚಿಂದಿಯಾಗಿದೆ, ಹೊಸ ಚಪ್ಪಲಿಯ ಪಟ್ಟಿ ಕಿತ್ತುಹೋಗಿದೆ. ನಾಯಿ ಕಿವಿ ಹಿಂದಕ್ಕೆ ಮಡಚಿ, ಬಾಲವನ್ನು ಕಾಲಸಂದಿಗೆ ಸೇರಿಸಿ, ಕಣ್ಣು ತಪ್ಪಿಸಿಕೊಂಡು ನಿಂತಿದೆ. ‘ನೋಡಿ, ಮಾಡಿದ ತಪ್ಪು ಅದಕ್ಕೇ ಗೊತ್ತು’ ಎನ್ನುತ್ತೇವೆ. ಗದರುತ್ತೇವೆ. ಕೆಲವರು ಅದರ ಮೂತಿಯನ್ನು ಆ ಹತ್ತಿಗೇ ಒತ್ತಿಹಿಡಿದು ಎರಡೇಟು ಬಿಗಿಯುತ್ತಾರೆ. ನಾನೂ ಒಂದು ಕಾಲದಲ್ಲಿ ಗದರಿದವನೇ. ಆ ಮುಖದಲ್ಲಿ ನಾನು ಕಂಡದ್ದು ಪಶ್ಚಾತ್ತಾಪವಲ್ಲ, ಬರೀ ಭಯ ಎಂದು ತಿಳಿಯಲು ವರ್ಷಗಳೇ ಬೇಕಾದವು.

ನ್ಯೂಯಾರ್ಕಿನ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದರ ಬಗ್ಗೆಯೇ ಒಂದು ಪ್ರಯೋಗವನ್ನು ಪ್ರಕಟಿಸಿದರು. ನಾಯಿಯ ಎದುರು ತಿಂಡಿ ಇಟ್ಟು, ‘ತಿನ್ನಬಾರದು’ ಎಂದು ಹೇಳಿ ಮನೆಯವರು ಹೊರಗೆ ಹೋಗುತ್ತಾರೆ. ಮರಳಿ ಬಂದಾಗ, ತಿಂದಿದೆ ಎಂದೋ ತಿಂದಿಲ್ಲ ಎಂದೋ ಅವರಿಗೆ ಹೇಳಲಾಗುತ್ತದೆ. ಕೆಲವು ಸಲ ಹಾಗೆ ಹೇಳಿದ್ದು ಸುಳ್ಳು. ನಾಯಿ ತಿಂದಿತೋ ಬಿಟ್ಟಿತೋ ಎಂಬುದಕ್ಕೂ ಆ ‘ತಪ್ಪಿತಸ್ಥ ಮುಖ’ಕ್ಕೂ ನಂಟೇ ಇರಲಿಲ್ಲ. ಮನೆಯವರು ಗದರಿದರೆ ಮುಖ ಬಾಡಿತು, ಅಷ್ಟೇ. ಹೇಳಿದ ಮಾತು ಕೇಳಿ, ತಿಂಡಿ ಮುಟ್ಟದೆ ಇದ್ದು, ಆಮೇಲೂ ಬೈಸಿಕೊಂಡ ನಾಯಿಗಳ ಮುಖವೇ ಹೆಚ್ಚು ಬಾಡಿತ್ತು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ತಾನು ಮಾಡಿದ್ದಕ್ಕೂ ಅದರಿಂದ ಬಂದ ಫಲಕ್ಕೂ ನಾಯಿ ಗಂಟು ಹಾಕಿಕೊಳ್ಳುವುದು ಆ ಒಂದೆರಡು ಕ್ಷಣಗಳಲ್ಲಿ. ಬೆಳಿಗ್ಗೆ ಹತ್ತಕ್ಕೆ ಹರಿದ ದಿಂಬಿಗಾಗಿ ಸಂಜೆ ಏಳಕ್ಕೆ ಬಿದ್ದ ಏಟು ದಿಂಬಿನ ಲೆಕ್ಕಕ್ಕೆ ಸೇರುವುದಿಲ್ಲ, ನೀವು ಮನೆಗೆ ಬಂದ ಲೆಕ್ಕಕ್ಕೆ ಸೇರುತ್ತದೆ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ನಾಯಿಗಳು ಊಟದ ಸೂಚನೆಯ ಸದ್ದು ಕೇಳಿದರೆ ಸಾಕು, ಜೊಲ್ಲು ಸುರಿಸುತ್ತಿದ್ದವು. ನಮ್ಮ ಮನೆಯ ನಾಯಿ ಕೀಲಿಯ ಸದ್ದಿಗೆ ನಡುಗುವುದನ್ನು ಕಲಿಯುತ್ತದೆ. ಎರಡೂ ಒಂದೇ ಪಾಠ.

ಹಾಗಾದರೆ ದಿಂಬು ಹರಿದದ್ದೇಕೆ? ಅಲ್ಲಿಂದ ಶುರುಮಾಡಬೇಕು. ಫೋನಿನ ಕ್ಯಾಮೆರಾ ಚಾಲೂ ಮಾಡಿಟ್ಟು ಹೋಗಿ ನೋಡಿ. ನೀವು ಹೋದ ಅರ್ಧ ಗಂಟೆಯೊಳಗೇ ನಾಯಿ ಊಳಿಡುತ್ತಿದ್ದರೆ, ಬಾಗಿಲ ಚೌಕಟ್ಟನ್ನೇ ಕೆರೆಯುತ್ತಿದ್ದರೆ, ಎಂದೂ ಒಳಗೆ ಉಚ್ಚೆ ಹೊಯ್ಯದ ಪ್ರಾಣಿ ಹೊಯ್ದುಕೊಂಡರೆ, ಇಟ್ಟ ಊಟವನ್ನು ನೀವು ಬರುವವರೆಗೂ ಮೂಸದಿದ್ದರೆ, ಅದು ಒಂಟಿತನಕ್ಕೆ ಹೆದರಿ ಕಂಗಾಲಾಗಿದೆ. ಹೆದರಿಕೆಯ ಸುಳಿವಿಲ್ಲದೆ ಮಧ್ಯಾಹ್ನ ನಿದ್ದೆಯಿಂದೆದ್ದು ಚಪ್ಪಲಿ ಜಗಿದರೆ ಅದು ಬೇಸರ. ಎರಡಕ್ಕೂ ಮದ್ದು ಬೇರೆ.

ಬೇಸರದ ಮದ್ದು ಸುಲಭ, ಆದರೆ ನಾವು ಕೊಡುವುದಿಲ್ಲ. ಬೀಗಲ್ ತಳಿಯನ್ನು ಇಂಗ್ಲೆಂಡಿನಲ್ಲಿ ಬೆಳೆಸಿದ್ದು ಹಿಂಡಿನಲ್ಲಿ ಕೂಗುತ್ತ ಮೊಲದ ವಾಸನೆ ಹಿಡಿದು ಓಡುವುದಕ್ಕೆ. ನಮ್ಮದೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಬಯಲಿನಲ್ಲಿ ಬೇಟೆಯನ್ನು ಕಣ್ಣಲ್ಲೇ ಹಿಡಿದು ಬೆನ್ನಟ್ಟುವಂಥದ್ದು. ಇವುಗಳನ್ನು ಎರಡು ಕೋಣೆಯ ಫ್ಲ್ಯಾಟಿಗೆ ತಂದು, ದಿನಕ್ಕೆ ಹತ್ತು ನಿಮಿಷ ಲಿಫ್ಟಿನಲ್ಲಿ ಇಳಿಸಿ ಹತ್ತಿಸಿ, ‘ವಿಪರೀತ ಬೊಗಳುತ್ತೆ, ಓಡಿಹೋಗುತ್ತೆ’ ಎಂದು ದೂರುತ್ತೇವೆ. ಹಳ್ಳಿಯ ಕರಿಯ, ಕೆಂಚನಿಗೆ ಯಾರೂ ಪಾಠ ಹೇಳಲಿಲ್ಲ. ಹೊಲ, ಕಣ, ಬೀದಿ, ಹತ್ತು ಜನರ ಮಾತು, ಹತ್ತು ನಾಯಿಗಳ ಸಹವಾಸ ಅವಕ್ಕಿತ್ತು. ಫ್ಲ್ಯಾಟಿನ ನಾಯಿಗೆ ಬೆಳಿಗ್ಗೆ ಅರ್ಧ ಗಂಟೆ ಮೂಸುತ್ತ ನಡೆಯಲು ಬಿಡಿ. ಬೆಲ್ಟ್ ಹಿಡಿದು ದರದರ ಎಳೆಯಬೇಡಿ, ಪ್ರತಿ ಗಿಡವೂ ಅದಕ್ಕೆ ಅಂದಿನ ಪತ್ರಿಕೆ. ಟೊಳ್ಳು ರಬ್ಬರ್ ಆಟಿಕೆಯೊಳಗೆ ಒಂದಿಷ್ಟು ಉಪ್ಪಿಲ್ಲದ ಮೊಸರನ್ನ ತುಂಬಿ ಕೊಟ್ಟರೆ ಬಹಳ ಹೊತ್ತು ನೆಕ್ಕುತ್ತ ಕೂರುತ್ತದೆ.

ಹೆದರಿಕೆಗೆ ತಾಳ್ಮೆ ಬೇಕು. ಕೀಲಿ ಎತ್ತಿಕೊಳ್ಳಿ, ಚಪ್ಪಲಿ ಮೆಟ್ಟಿ, ಎಲ್ಲಿಗೂ ಹೋಗದೆ ಮತ್ತೆ ಕೂತುಬಿಡಿ. ಕೀಲಿಯ ಸದ್ದಿಗೆ ಅದು ಏಳದಂತಾದ ಮೇಲೆ ಅರ್ಧ ನಿಮಿಷ ಬಾಗಿಲಾಚೆ ನಿಂತು, ಅದು ಅಳುವ ಮೊದಲೇ ಒಳಗೆ ಬನ್ನಿ. ಆಮೇಲೆ ಎರಡು ನಿಮಿಷ, ಐದು ನಿಮಿಷ. ವಾರಗಳೇ ಹಿಡಿಯಬಹುದು. ಈ ಅವಧಿಯಲ್ಲಿ ಅದನ್ನು ಇಡೀ ದಿನ ಒಂಟಿಯಾಗಿ ಬಿಟ್ಟರೆ ಕಲಿತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಜ್ಜಿಯೋ ಪಕ್ಕದ ಮನೆಯವರೋ ಜೊತೆಗಿರಲಿ. ಭಯ ತೀರಾ ಹೆಚ್ಚಿದ್ದರೆ ಪಶುವೈದ್ಯರು ಔಷಧಿಯನ್ನೂ ಕೊಡುತ್ತಾರೆ. ಅದನ್ನು ಕೇಳಲು ಸಂಕೋಚ ಬೇಡ.

‘ಯಜಮಾನ ಯಾರೆಂದು ತೋರಿಸದಿದ್ದರೆ ತಲೆ ಮೇಲೆ ಕೂರುತ್ತೆ’ ಎನ್ನುವ ತರಬೇತುದಾರರು ಇಂದಿಗೂ ಇದ್ದಾರೆ. ನೆಲಕ್ಕೆ ಒತ್ತುವುದು, ಕುತ್ತಿಗೆ ಬಿಗಿಯುವ ಚೈನ್ ಹಾಕುವುದು ಅವರ ಮದ್ದು. ತೋಳದ ಹಿಂಡಿನಂತೆ ನಾಯಿಗೂ ಒಬ್ಬ ಯಜಮಾನ ಬೇಕೆಂಬ ಈ ನಂಬಿಕೆಯ ಬೇರು 1947ರಲ್ಲಿ ಸ್ವಿಟ್ಜರ್ಲೆಂಡಿನ ರುಡಾಲ್ಫ್ ಶೆಂಕೆಲ್ ಬರೆದ ಪ್ರಬಂಧದಲ್ಲಿದೆ. ಅವರು ನೋಡಿದ್ದು ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು. 1970ರ ತಮ್ಮ ಪುಸ್ತಕದಲ್ಲಿ ಅದೇ ಮಾತನ್ನು ಹರಡಿದ ಅಮೆರಿಕದ ತೋಳತಜ್ಞ ಡೇವಿಡ್ ಮೆಕ್, ಕಾಡಿನ ತೋಳಗಳನ್ನು ವರ್ಷಗಟ್ಟಲೆ ಕಂಡ ಮೇಲೆ 1999ರಲ್ಲಿ ಅದನ್ನು ತಿದ್ದಿ ಬರೆದರು: ಕಾಡಿನ ತೋಳದ ಹಿಂಡು ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳಿರುವ ಒಂದು ಸಂಸಾರ. ತಮ್ಮ ಹಳೆಯ ಪುಸ್ತಕದ ಮುದ್ರಣ ನಿಲ್ಲಿಸಿ ಎಂದು ಪ್ರಕಾಶಕರನ್ನು ಅವರೇ ಕೇಳಿಕೊಂಡರು. ಬರೆದವರೇ ಕೈಬಿಟ್ಟದ್ದನ್ನು ನಾವು ನಾಯಿಯ ಕುತ್ತಿಗೆಗೆ ಬಿಗಿಯುತ್ತಿದ್ದೇವೆ.

ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ನಮ್ಮ ಗಾದೆಯನ್ನು ಮಕ್ಕಳಿಗೆ ಹೇಳಿಕೊಡಬೇಡಿ. ಹೆದರಿ ಬೊಗಳುವ ನಾಯಿ ಕಚ್ಚಬಲ್ಲದು. ಕಚ್ಚುವ ಮೊದಲು ಅದು ಸಾಮಾನ್ಯವಾಗಿ ಮುಖ ತಿರುಗಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದೆಯೂ ಆಕಳಿಸುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಗಣ್ಣಲ್ಲಿ ನೋಡುತ್ತದೆ, ಕೊನೆಗೆ ಗುರ್ ಎನ್ನುತ್ತದೆ. ಮಗು ಅದರ ಕುತ್ತಿಗೆ ತಬ್ಬಿದಾಗ ಬಂದ ಆ ಗುರ್‌ಗೆ ಹೊಡೆದರೆ, ಹೋಗುವುದು ಅದರ ಸಂಕಟವಲ್ಲ, ನಮಗೆ ಸಿಗುತ್ತಿದ್ದ ಎಚ್ಚರಿಕೆ. ಮುಂದಿನ ಸಲ ಅದು ಸದ್ದಿಲ್ಲದೆ ಹಲ್ಲೂರುತ್ತದೆ. ಗುರ್ ಕೇಳಿದ ಕೂಡಲೇ ಮಗುವನ್ನು ಈಚೆಗೆ ಕರೆದುಕೊಳ್ಳಿ. ವರ್ಷಗಟ್ಟಲೆ ಸಾಧುವಾಗಿದ್ದ ನಾಯಿ ಒಮ್ಮಿಂದೊಮ್ಮೆಲೇ ಗುರುಗುಟ್ಟತೊಡಗಿದರೆ ಮೊದಲು ಕಿವಿ, ಹಲ್ಲು, ಸೊಂಟದ ಕೀಲು ತೋರಿಸಿ. ನೋವನ್ನು ಕೊಬ್ಬು ಎಂದು ತಿಳಿದು ಬಡಿದ ಮನೆಗಳನ್ನು ನಾನು ನೋಡಿದ್ದೇನೆ.

ಇನ್ನು ಗೇಟಿನ ಬಳಿ ಹಗಲೂ ರಾತ್ರಿ ಕಟ್ಟಿಹಾಕಿದ ನಾಯಿ. ದಾರಿಯಲ್ಲಿ ಹೋಗುವವರ ಮೇಲೆಲ್ಲ ಎಗರುತ್ತದೆಂದು ಅದನ್ನು ಇನ್ನಷ್ಟು ಗಿಡ್ಡ ಸರಪಳಿಗೆ ಕಟ್ಟುತ್ತಾರೆ. ಅದು ಇನ್ನಷ್ಟು ಎಗರುತ್ತದೆ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ಅಡ್ಡಾಡಲು ಬಿಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ.

ಇವತ್ತು ಸಂಜೆ ಮನೆಗೆ ಹೋದಾಗ ಮತ್ತೆ ಹತ್ತಿ ಚೆಲ್ಲಿರಬಹುದು. ದಯವಿಟ್ಟು ಕೈ ಎತ್ತಬೇಡಿ. ಸದ್ದು ಮಾಡದೆ ಗುಡಿಸಿ ಹಾಕಿ, ಬೆಲ್ಟ್ ತಗುಲಿಸಿ ಅದನ್ನು ಹೊರಗೆ ಕರೆದುಕೊಂಡು ಹೋಗಿ. ಬೆಳಗಿನಿಂದ ಅದು ಕಾದಿದ್ದು ನಿಮಗಾಗಿ.