ಇಂದಿನ ಧಮ್ಮ ಚಿಂತನೆ: ಬಿದ್ದ ಮೇಲೆ ಸ್ಕೂಟರ್ ಬಿಡಬೇಕೇ?





ಪುತ್ತೂರು, ಸುಳ್ಯ, ಕಡಬದ ಒಳಪ್ರದೇಶಗಳಲ್ಲಿ ತೋಟ ದಾಟಿ, ಏರಿ ಹತ್ತಿ ಹೋಗಬೇಕಾದ ಮನೆಗಳಿಗೆ ಬಸ್ಸು ಬರುವುದಿಲ್ಲ. ಅಂಗನವಾಡಿಗೆ, ಬೀಡಿ ಬ್ರಾಂಚಿಗೆ, ರೇಷನ್ ಅಂಗಡಿಗೆ ಯಾರ ಹಂಗೂ ಇಲ್ಲದೆ ಹೋಗಿಬರಲು ನಮಗಿರುವುದು ಸ್ಕೂಟರ್. ಹಾಗಾಗಿ ಬಿದ್ದು ಪೆಟ್ಟಾದವರು "ಇನ್ನು ಓಡಿಸಲೋ, ಬಿಡಲೋ" ಎಂದು ಕೇಳುವಾಗ ಅದು ಸಣ್ಣ ಪ್ರಶ್ನೆಯಲ್ಲ.

1929ರಲ್ಲಿ ಬಾಬಾಸಾಹೇಬರು ಚಾಳೀಸ್‌ಗಾಂವ್‌ನಲ್ಲಿ ರೈಲು ಇಳಿದಾಗ, ಅಸ್ಪೃಶ್ಯರನ್ನು ಕೂರಿಸಿಕೊಂಡು ಓಡಿಸಲು ಟಾಂಗಾವಾಲಾಗಳು ಒಪ್ಪಲಿಲ್ಲ. ಅತಿಥಿಯನ್ನು ನಡೆಸಿಕೊಂಡು ಹೋಗುವುದು ಅವರ ಘನತೆಗೆ ತಕ್ಕದ್ದಲ್ಲವೆಂದು ಮಹಾರವಾಡದ ಜನ ಟಾಂಗಾ ಮಾತ್ರ ಬಾಡಿಗೆಗೆ ಪಡೆದು, ಓಡಿಸಿ ಅಭ್ಯಾಸವಿಲ್ಲದ ತಮ್ಮವನೊಬ್ಬನ ಕೈಗೆ ಕೊಟ್ಟರು. ಮೋರಿಯ ಕಲ್ಲುಗಳ ನಡುವೆ ಚಕ್ರ ಸಿಕ್ಕಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದು, ಹಲವು ದಿನ ಓಡಾಡಲಾಗಲಿಲ್ಲ. ಯಾಕೆ ಹೀಗಾಯಿತೆಂದು ಅವರು ವಿಚಾರಿಸಿ ತಿಳಿದರು. ಘನತೆ ಉಳಿಸುವ ಭರದಲ್ಲಿ ಜೀವದ ಸುರಕ್ಷತೆ ಮರೆತುಹೋಗಿತ್ತು ಎಂಬುದನ್ನು 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ದಾಖಲಿಸಿದ್ದಾರೆ. ಜಾತಿಯೇ ಮೂಲ ಕಾರಣ ಎಂಬುದನ್ನೂ ಮರೆಮಾಡಲಿಲ್ಲ.

ಕಳೆದ ಮಳೆಗಾಲದಲ್ಲಿ ನಾನೂ ಬಿದ್ದೆ. ವೇಗ ನಡಿಗೆಯಷ್ಟೇ. ಕಡಬದಿಂದ ಬಂದು ಮನೆಯ ಏರಿಗೆ ತಿರುಗುವಲ್ಲಿ ಪಾಚಿಯ ಮೇಲೆ ಚಕ್ರ ಜಾರಿತು. 100 ಕಿಲೋಗೂ ಮಿಕ್ಕಿದ ಗಾಡಿ ಕಾಲಿನ ಮೇಲೆ ಬಂತು. 6 ವಾರ ಪ್ಲಾಸ್ಟರ್. ನಿಧಾನ ಹೋದರೆ ಏನೂ ಆಗದು ಎನ್ನುತ್ತೇವೆ. ಆದರೆ ವೇಗ ತೀರಾ ಇಳಿದಾಗ ಗಾಡಿಯ ಸಮತೋಲನ ಕಷ್ಟ. ಹ್ಯಾಂಡಲ್ ತಿರುಗಿಸಿರುವಾಗ ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದರೆ, ಜಲ್ಲಿಯ ಮೇಲೆ ಕಾಲೂರಿದರೆ ಸಾಕು. ಬೀಳುವಾಗ ಕೈ ಊರಿ ಮಣಿಕಟ್ಟು ಮುರಿದುಕೊಂಡವರು ನಮ್ಮಲ್ಲೇ ಇದ್ದಾರೆ.

ಸಲ್ಲ ಸುತ್ತದಲ್ಲಿ ಭಗವಾನ್ ಬುದ್ಧರು ಎರಡು ಬಾಣಗಳ ಉಪಮೆ ಹೇಳುತ್ತಾರೆ. ಮೊದಲನೆಯದು ಮೈಗೆ, ಎರಡನೆಯದು ಮನಸ್ಸಿಗೆ. "ಇನ್ನು ನನ್ನಿಂದಾಗದು" ಎಂಬ ಭಯವೂ, "ಬಿಟ್ಟರೆ ಊರವರು ಏನೆಂದಾರು" ಎಂಬ ಹಠವೂ ಎರಡನೆಯ ಬಾಣವೇ. ಅದನ್ನು ಕಿತ್ತಿಟ್ಟು ಕೇಳಿಕೊಳ್ಳೋಣ:

1. ಬಿದ್ದದ್ದಕ್ಕೆ ಕಾರಣ ರಸ್ತೆಯೇ, ಸವೆದ ಟಯರೇ, ಕಣ್ಣೇ, ಮೊಣಕಾಲೇ? ಅದನ್ನು ಸರಿಪಡಿಸಬಹುದೇ?
2. ಸೀಟಿನಲ್ಲಿ ಕೂತರೆ ಎರಡೂ ಪಾದ ನೆಲ ಮುಟ್ಟುತ್ತವೆಯೇ? ಗಾಡಿ ವಾಲಿದರೆ ಕಾಲು ತಡೆಯುತ್ತದೆಯೇ?
3. ಹಿಂದೆ ಯಾರು ಕೂರುತ್ತಾರೆ? ನಾನು ಮಲಗಿದರೆ ಯಾರ ಅನ್ನ ನಿಲ್ಲುತ್ತದೆ?

ಯೋಚಿಸಿ ನಾನು ಕಂಡುಕೊಂಡದ್ದು ಇಷ್ಟು: ಓಡಿಸುತ್ತೇನೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಏರಿಯ ಕೆಳಗೇ ಇರುತ್ತದೆ, ಮೇಲಕ್ಕೆ ನಡಿಗೆ. ಹೆಲ್ಮೆಟ್ ಹಾಲಿನ ಸೊಸೈಟಿಗೆ ಹೋಗುವಾಗಲೂ ಬೇಕು. ಕಾಲಿಗೆ ಪೂರ್ತಿ ಬಲ ಬರುವವರೆಗೆ ಮೊಮ್ಮಗಳನ್ನು ಕೂರಿಸುವುದಿಲ್ಲ. ಅವಳು ಮುನಿಸಿಕೊಂಡಿದ್ದಾಳೆ, ಇರಲಿ.

ನಿಮ್ಮ ಉತ್ತರ ಬೇರೆಯಾಗಬಹುದು. ಬಿಡುವುದೇ ಸರಿ ಎಂದು ಕಂಡರೆ ಅದು ಸೋಲಲ್ಲ. ಅಂಥವರ ರೇಷನ್ ತಂದುಕೊಡುವುದು, ವಂದನೆಗೆ ಕರೆತರುವುದು ಉಪಕಾರವೂ ಅಲ್ಲ, ಸಂಘದ ಕರ್ತವ್ಯ.

*ಇಂದಿನ ಅಭ್ಯಾಸ:* ಕೀ ತಿರುಗಿಸುವ ಮೊದಲು 3 ಉಸಿರು. ಟಯರು ನೋಡಿ, ಬ್ರೇಕು ನೋಡಿ, ಮನಸ್ಸು ನೋಡಿ. ಇದೇ ಅಪ್ಪಮಾದ, ಎಚ್ಚರ.

ಭವತು ಸಬ್ಬ ಮಂಗಲಂ 🌸
ಸಾಧು, ಸಾಧು, ಸಾಧು