ಮಕ್ಕಳು ಉಳಿಸಿದ ಹಾಡು



ಬಳಗದ ಮಕ್ಕಳಿಗೆ ಒಂದು ಹಾಡು ಬರೆದುಕೊಡಿ ಮೇಷ್ಟ್ರೇ ಎಂದು ಕಳೆದ ತಿಂಗಳು ಕೇಳಿದಿರಿ. ಕನ್ನಡ ಎಂ.ಎ. ಓದಿದವನು, ಒಂದು ರಾತ್ರಿಯ ಕೆಲಸ ಎಂದುಕೊಂಡೆ. ಮೂರು ಭಾನುವಾರ ಕಳೆದವು. ಬರೆದದ್ದು ಒಂದೋ ಬರೀ ಗೋಳು, ಇಲ್ಲವೇ ಬರೀ ಘೋಷಣೆ. ಭರವಸೆಯ ಸಾಲು ಬರೆದರೆ ನನಗೇ ನಂಬಿಕೆ ಬರಲಿಲ್ಲ. ಹರಿದು ಹಾಕಿದೆ. ನನ್ನಿಂದಾಗದು ಎಂದು ಹೇಳಿಬಿಡುವವನಿದ್ದೆ. ಆಗ ಇನ್ನೊಬ್ಬ ಮೇಷ್ಟ್ರು ನೆನಪಾದರು.

ಜೇಮ್ಸ್ ವೆಲ್ಡನ್ ಜಾನ್ಸನ್. ಅಮೆರಿಕದ ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ, ಕಪ್ಪು ಜನರ ಮಕ್ಕಳು ಓದುತ್ತಿದ್ದ ಸ್ಟಾಂಟನ್ ಶಾಲೆಯ ಮುಖ್ಯೋಪಾಧ್ಯಾಯರು. 1900ರ ಫೆಬ್ರವರಿ 12ರ ಲಿಂಕನ್ ಜಯಂತಿಗೆ ಏನಾದರೂ ಬರೆಯಬೇಕಿತ್ತು. ಗುಲಾಮಗಿರಿ ಕಾನೂನಿನಲ್ಲಿ ಹೋಗಿ 35 ವರ್ಷವಾಗಿತ್ತು. ಆದರೂ ಅವರಿಗೆ ಶಾಲೆ ಬೇರೆ, ರೈಲುಡಬ್ಬಿ ಬೇರೆ. ಗುಂಪುಗಟ್ಟಿ ಬಂದು ಮರಕ್ಕೆ ನೇತುಹಾಕಿ ಕೊಲ್ಲುವುದೂ ನಿಂತಿರಲಿಲ್ಲ. ಇಂಥ ಕಾಲದಲ್ಲಿ 500 ಶಾಲಾಮಕ್ಕಳ ಬಾಯಲ್ಲಿ ಯಾವ ಮಾತು ಇಡುವುದು?

ಲಿಂಕನ್ ಕುರಿತು ಕವಿತೆ ಬರೆಯಲು ಸಮಯ ಸಾಲಲಿಲ್ಲ. ಸಂಗೀತಗಾರನಾದ ತಮ್ಮ ರೋಸಮಂಡ್ ಜೊತೆ ಹಾಡು ಕಟ್ಟಲು ಕೂತರು. ಅದೇ 'ಲಿಫ್ಟ್ ಎವ್ರಿ ವಾಯ್ಸ್ ಅಂಡ್ ಸಿಂಗ್'. ಅದು ಹುಟ್ಟಿದ ಬಗೆಯನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮೊದಲ ಸಾಲು ಅವರಿಗೆ ದೊಡ್ಡದೇನೂ ಅನಿಸಲಿಲ್ಲ. ಮುಂದಿನ ಐದು ಸಾಲು ತಿಣುಕಿ ತಿಣುಕಿ ಬರೆದರು. ಚರಣದ ಕೊನೆಗೆ ನಂಬಿಕೆ, ಭರವಸೆಯ ಸಾಲುಗಳು ಬಂದಾಗಲೇ ಹಾಡು ಅವರನ್ನು ಹಿಡಿದುಕೊಂಡಿತು. ಉಳಿದೆರಡು ಚರಣಕ್ಕೆ ಕಾಗದ ಮುಟ್ಟಲಿಲ್ಲ. ಮನೆಮುಂದಿನ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆಯುತ್ತ ಸಾಲುಗಳನ್ನು ಹೇಳಿಕೊಂಡರು. ಕೊನೆಯ ಚರಣದಲ್ಲಿ ಕಣ್ಣೀರು ಬಂತು, ತಡೆಯಲಿಲ್ಲ.

ಬಂಧುಗಳೇ, ಭರವಸೆ ಮೊದಲು ಬಂದು ಅವರು ಆಮೇಲೆ ಬರೆದದ್ದಲ್ಲ. ತಿಣುಕಿದ ಐದು ಸಾಲು ದಾಟಿದ ಮೇಲೆ ಅದು ಬಂತು. ಭಗವಾನರು ಹೇಳಿದ ಸಮ್ಯಕ್ ವ್ಯಾಯಾಮ ಇದೇ ಅಲ್ಲವೇ? ಹುಟ್ಟಿದ ಅಕುಶಲವನ್ನು ಬಿಡುವುದು, ಹುಟ್ಟದ ಕುಶಲವನ್ನು ಹುಟ್ಟಿಸುವುದು, ಹುಟ್ಟಿದ ಕುಶಲವನ್ನು ಕಾಯುವುದು. ಹತಾಶೆಯೂ ಅಕುಶಲವೇ. ನಾನು ಅದನ್ನು ಪ್ರಾಮಾಣಿಕತೆ ಎಂದು ತಪ್ಪು ತಿಳಿದಿದ್ದೆ.

ಆ ಹಾಡು ಪೂರ್ವಿಕರ ದುಃಖವನ್ನು ಮುಚ್ಚಿಡುವುದಿಲ್ಲ, ಅಲ್ಲೇ ನಿಲ್ಲುವುದೂ ಇಲ್ಲ. ಕೊನೆಯ ಚರಣ ಮಾತ್ರ ದೇವರಿಗೆ ಪ್ರಾರ್ಥನೆ. 22 ಪ್ರತಿಜ್ಞೆ ಸ್ವೀಕರಿಸಿದ ನಾವು ಆ ಬಾಗಿಲಿಗೆ ಹೋಗುವುದಿಲ್ಲ. ನಮಗೆ ಬಾಬಾಸಾಹೇಬರು ತೋರಿದ ದಾರಿ ಇದೆ, ನಡೆಯಲು ನಮ್ಮ ಕಾಲಿದೆ. ಆದರೆ ಆ ಮೇಷ್ಟ್ರ ಶ್ರಮಕ್ಕೆ ಕೈಮುಗಿಯುತ್ತೇನೆ.

ಮುಂದೆ ಅಣ್ಣತಮ್ಮಂದಿರು ನ್ಯೂಯಾರ್ಕಿಗೆ ಹೋದರು, ಹಾಡನ್ನು ಮರೆತೇಬಿಟ್ಟರು. ಮಕ್ಕಳು ಮರೆಯಲಿಲ್ಲ. ಬೇರೆ ಶಾಲೆಗಳಿಗೆ ಹೋದಲ್ಲೂ ಹಾಡಿದರು. ಕೆಲವರು ತಾವೇ ಮೇಷ್ಟ್ರಾಗಿ ತಮ್ಮ ಮಕ್ಕಳಿಗೆ ಕಲಿಸಿದರು. 20 ವರ್ಷದೊಳಗೆ ಅದು ದಕ್ಷಿಣದ ಊರೂರಿಗೆ ಹಬ್ಬಿತು. 1919ರಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ಅದನ್ನು ತನ್ನ ಹಾಡಾಗಿ ಸ್ವೀಕರಿಸಿತು.

ನಿನ್ನೆ ರಾತ್ರಿ ಮತ್ತೆ ಕೂತೆ. ನಾಲ್ಕು ಸಾಲು ಆಗಿವೆ, ದೊಡ್ಡದೇನೂ ಅಲ್ಲ. ಭಾನುವಾರ ವಿಹಾರದಲ್ಲಿ ಮಕ್ಕಳ ಬಾಯಿಗೆ ಕೊಟ್ಟು ನೋಡುತ್ತೇನೆ. ಅವರ ನಾಲಿಗೆಗೆ ಹತ್ತದಿದ್ದರೆ ತಿದ್ದುತ್ತೇನೆ.

ಆಗದು ಎಂದು ನೀವು ಬಿಟ್ಟ ಕೆಲಸವೊಂದಿದ್ದರೆ ಇಂದು ಅರ್ಧ ಗಂಟೆ ಅದರ ಮುಂದೆ ಕೂರಿ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್.