ಗಾಢನಿದ್ದೆಗೆ ಸಾಕ್ಷಿ ಉಂಟೇ?

ಗಾಢನಿದ್ದೆಯಿಂದ ಎದ್ದವರು 'ಸುಖವಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ' ಎನ್ನುತ್ತಾರೆ. ಈ ಒಂದು ಮಾತಿನ ಮೇಲೆ ನಮ್ಮ ದಾರ್ಶನಿಕರು ಶತಮಾನಗಳ ಕಾಲ ವಾದಿಸಿದ್ದಾರೆ. ಅದ್ವೈತದ ವಿವರಣ ಪ್ರಸ್ಥಾನದವರಿಗೆ ಇದು ನೆನಪು. ಅನುಭವಿಸದ್ದನ್ನು ನೆನೆಯಲಾಗದು, ಆದ್ದರಿಂದ ಸುಷುಪ್ತಿಯ, ಅಂದರೆ ಗಾಢನಿದ್ದೆಯ, ಸುಖವನ್ನೂ ಅಜ್ಞಾನವನ್ನೂ ಕಂಡ ಸಾಕ್ಷಿಚೈತನ್ಯ ಆಗಲೂ ಇತ್ತು. ನೈಯಾಯಿಕರು ಇದನ್ನು ಒಪ್ಪುವುದಿಲ್ಲ. ಅವರಿಗೆ ಅದು ಅನುಮಾನಪ್ರಮಾಣದಿಂದ ಬಂದ ತೀರ್ಮಾನ: ಮೈ ಹಗುರವಾಗಿದೆ, ನಡುವಿನ ಹೊತ್ತಿನದೇನೂ ನೆನಪಿಲ್ಲ, ಹಾಗಾಗಿ ಅರಿವಿರಲಿಲ್ಲ. ಮಿದುಳಿನ ರಸಾಯನದ ಬಗ್ಗೆ ಈಗ ತಿಳಿದಿರುವುದನ್ನು ಮುಂದಿಟ್ಟುಕೊಂಡು ನೋಡಿದರೆ, ನೆನಪನ್ನೇ ನೆಚ್ಚಿಕೊಂಡ ಈ ಎರಡು ವಾದಗಳೂ ನಿಲ್ಲುವುದಿಲ್ಲ ಎಂಬುದು ನನ್ನ ನಿಲುವು.

ಕಣ್ಣು, ಕಿವಿ, ಚರ್ಮಗಳ ಸಂದೇಶ (ವಾಸನೆಯ ದಾರಿ ಬೇರೆ) ಮಿದುಳಿನ ನಡುವಿರುವ ಥಲಾಮಸ್ ಮೂಲಕ ಹೊರಪದರವಾದ ಕಾರ್ಟೆಕ್ಸ್ ತಲುಪುತ್ತದೆ. ಕಾರ್ಟೆಕ್ಸಿನ ಆರನೇ ಪದರದಿಂದ ಥಲಾಮಸ್‌ಗೆ ಮರಳುವ ತಂತುಗಳಂತೂ ಮೇಲೇರುವವಕ್ಕಿಂತ ಬಹಳ ಹೆಚ್ಚು. ನಿದ್ದೆಯಲ್ಲಿ ಈ ತಂತುಗಳೇನೂ ಕಡಿದುಹೋಗುವುದಿಲ್ಲ. ಬದಲಾಗುವುದು ಅವುಗಳ ಸುತ್ತಲಿನ ರಸಾಯನ. ಎಚ್ಚರದಲ್ಲಿ ಮಿದುಳುಕಾಂಡದ ಕಡೆಯಿಂದ ಅಸಿಟೈಲ್‌ಕೋಲಿನ್, ನಾರ್‌ಅಡ್ರಿನಲಿನ್ ಧಾರಾಳವಾಗಿ ಬರುತ್ತವೆ. ಅವು ಥಲಾಮಸ್ ಕೋಶಗಳಿಂದ ಪೊಟ್ಯಾಸಿಯಂ ಸೋರುವುದನ್ನು ತಡೆಯುತ್ತವೆ. ಕೋಶದ ವಿದ್ಯುತ್ ಮಟ್ಟ ಏರಿ, ಬಂದ ಸಂದೇಶ ಒಂದೊಂದೇ ಮಿಡಿತವಾಗಿ ಇದ್ದದ್ದು ಇದ್ದಂತೆ ದಾಟುತ್ತದೆ. ಗಾಢನಿದ್ದೆಯಲ್ಲಿ ಈ ಪೂರೈಕೆ ಇಳಿಯುತ್ತದೆ. ಕೋಶದ ವಿದ್ಯುತ್ ಮಟ್ಟ ಕುಸಿದು, ಅಂಥ ಸ್ಥಿತಿಗೆಂದೇ ಕಾದಿರುವ ಕ್ಯಾಲ್ಸಿಯಂ ನಾಳಗಳು ಕೆಲಸಕ್ಕೆ ಬರುತ್ತವೆ. ಆಗ ಕೋಶ ಗೊಂಚಲು ಗೊಂಚಲಾಗಿ ಮಿಡಿದು, ಸುಮ್ಮನಾಗಿ, ಮತ್ತೆ ಮಿಡಿಯುತ್ತದೆ. ಕಾರ್ಟೆಕ್ಸಿನಲ್ಲಿ ಸೆಕೆಂಡಿಗೆ ನಾಲ್ಕಕ್ಕೂ ಕಡಿಮೆಯ ನಿಧಾನದ ಅಲೆಗಳು ಏಳುತ್ತವೆ. 2005ರಲ್ಲಿ ಸಂಶೋಧಕ ಮಾಸ್ಸಿಮಿನಿ ಮತ್ತು ಸಂಗಡಿಗರು ತಲೆಯ ಹೊರಗಿನಿಂದ ಕಾಂತೀಯ ಮಿಡಿತ ಕೊಟ್ಟು ನೋಡಿದರು. ಎಚ್ಚರವಿದ್ದಾಗ ಪ್ರತಿಕ್ರಿಯೆ ಒಂದು ಭಾಗದಿಂದ ಇನ್ನೊಂದಕ್ಕೆ ಹರಡಿತು, ಗಾಢನಿದ್ದೆಯಲ್ಲಿ ತಟ್ಟಿದ ಜಾಗದಲ್ಲೇ ಆರಿತು.

ನೆನಪಿನ ವಾದಕ್ಕೆ ನಿಜವಾದ ಪೆಟ್ಟು ಬೀಳುವುದು ಕನಸಿನಿಂದ. ಕಣ್ಣಾಲಿ ಚುರುಕಾಗಿ ಓಡಾಡುವ ನಿದ್ದೆಯಲ್ಲಿ ಅಸಿಟೈಲ್‌ಕೋಲಿನ್ ಮತ್ತೆ ಏರುತ್ತದೆ, ನಾರ್‌ಅಡ್ರಿನಲಿನ್ ಕೋಶಗಳು ಮಾತ್ರ ಬಹುತೇಕ ಮೌನ. ಆಗ ಎಬ್ಬಿಸಿ ಕೇಳಿದರೆ ಬಹುಪಾಲು ಜನ ಕನಸನ್ನು ವಿವರವಾಗಿ ಹೇಳುತ್ತಾರೆ. ಬೆಳಗಿನವರೆಗೆ ಬಿಟ್ಟರೆ ಅದೇ ಜನ 'ಕನಸೇ ಬೀಳಲಿಲ್ಲ' ಎನ್ನುವುದುಂಟು. ಭಯವಿತ್ತು, ಓಟವಿತ್ತು; ದಾಖಲೆ ಮಾತ್ರ ಉಳಿಯಲಿಲ್ಲ. ಹಾಗಾದರೆ ನೆನಪಿಲ್ಲವೆಂದ ಮಾತ್ರಕ್ಕೆ ಅರಿವಿರಲಿಲ್ಲ ಎನ್ನುವ ಹಾಗಿಲ್ಲ. ಹಾಗೆಯೇ ಬೆಳಗಿನ ಸುಖದ ಮಾತು ಎದ್ದ ಗಳಿಗೆಯ ಮೈಸ್ಥಿತಿಯ ವರದಿಯೂ ಆಗಿರಬಹುದು. ರಾತ್ರಿಯಿಡೀ ನೋಡುತ್ತಿದ್ದವನೊಬ್ಬ ಅದಕ್ಕೆ ಬೇಕೇಬೇಕು ಎಂದೇನಿಲ್ಲ.

ರಸಾಯನ ಇಳಿದಾಗ ಅರಿವೂ ಇಳಿಯುವುದಾದರೆ ಅರಿವೆಂದರೆ ರಸಾಯನವೇ ಅಲ್ಲವೇ ಎಂದು ಭೌತವಾದಿ ಕೇಳಬಹುದು. ಅವರ ಕೈಯಲ್ಲಿ ಬಲವಾದ ಪುರಾವೆಯೂ ಇದೆ: 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅರಿವಳಿಕೆಯಲ್ಲಿದ್ದ ಮಕಾಕ್ ಕೋತಿಗಳ ಥಲಾಮಸಿನ ನಡುಭಾಗಕ್ಕೆ ಸೆಕೆಂಡಿಗೆ 50ರಂತೆ ವಿದ್ಯುತ್ ಮಿಡಿತ ಕೊಟ್ಟಾಗ ಅವು ಎಚ್ಚರದ ಲಕ್ಷಣ ತೋರಿದವು. ಆದರೂ ಇದರಿಂದ ಸಿದ್ಧವಾಗುವುದು ಅವಲಂಬನೆ; ಅವಲಂಬನೆಯಿಂದ ಅಭೇದ ಸಿದ್ಧವಾಗದು. ಇನ್ನೊಂದು ಆಕ್ಷೇಪ ಅದ್ವೈತಿಯದು: ನಾಳ, ಮಿಡಿತಗಳೆಲ್ಲ ಅಂತಃಕರಣದ, ಅಂದರೆ ಮನಸ್ಸಿನ, ವ್ಯವಹಾರ, ಸಾಕ್ಷಿಯನ್ನು ಅವು ಮುಟ್ಟವು. ಒಪ್ಪೋಣ. ಆದರೆ ಯಾವ ಅಳತೆಗೂ ಸಿಗದ ಸಾಕ್ಷಿಯನ್ನು ಬೆಳಗಿನ ನೆನಪಿನಿಂದ ಸಾಧಿಸಲು ಹೊರಡುವಂತಿಲ್ಲ, ಏಕೆಂದರೆ ನೆನಪು ಅದೇ ಅಂತಃಕರಣದ್ದು. ಇದು ಹೊರಗಿನವರ ಟೀಕೆಯೂ ಅಲ್ಲ. ಶೃಂಗೇರಿ ಪರಂಪರೆ ಗೌರವಿಸುವ ಸುರೇಶ್ವರಾಚಾರ್ಯರೇ ಬೃಹದಾರಣ್ಯಕ ವಾರ್ತಿಕದಲ್ಲಿ ನಿದ್ದೆಯಿಂದ ಎದ್ದವರ ಆ ಮಾತನ್ನು ಸ್ಮೃತಿ, ಅಂದರೆ ನೆನಪು, ಎಂದು ಒಪ್ಪಲಿಲ್ಲ. ಸ್ಮೃತಿಯ ಆಸರೆ ಬಿಟ್ಟ ಮೇಲೆ ಶ್ರುತಿ ಮತ್ತು ವಿಚಾರದ ಬಲದಿಂದಲೇ ಸಾಕ್ಷಿಯನ್ನು ಪ್ರತಿಪಾದಿಸಬೇಕು. ಸುರೇಶ್ವರರು ಅದಕ್ಕೆ ಸಿದ್ಧರಿದ್ದರು.